ಕಪ್ಪು ಬಟ್ಟೆ ಕಟ್ಟಿದ ಬಾಳೆಗಿಡ

“ಸಾರು ಯಾಕೇ ಇಷ್ಟು ಕಹಿ?” ಎಂದರು ಬೈರಕೂರಿನಿಂದ ಬಂದಿದ್ದ ನನ್ನ ಸೋದರತ್ತೆ. ಆಗಲೇ ನಾನು ಅವರ ಎಲೆಯನ್ನು ಸರಿಯಾಗಿ ನೋಡಿದ್ದು. ಅಂಚಿನಲ್ಲೆಲ್ಲ ಕಂದು ಕಲೆ, ಹೊಗೆಸೊಪ್ಪಿನ ಘಾಟು. ಎಲೆಯನ್ನು ಅವರ ಮುಂದಿನಿಂದ ಎಳೆದುಕೊಂಡೆ.

ಹಿತ್ತಲ ಬಾಳೆಗೆ ಕೆಂಪು ನುಸಿ ಬಿದ್ದು, ಎಲೆಯಡಿ ಜೇಡರ ಬಲೆಯಂತೆ ಎಳೆ ಕಟ್ಟಿತ್ತು. ಬೆಳಿಗ್ಗೆ ನಮ್ಮ ಯಜಮಾನರು ಹೊಗೆಸೊಪ್ಪು ಕುದಿಸಿದ ನೀರನ್ನು ಎರಚಿ, ಆ ಗಿಡದ ಎಲೆ ಯಾರೂ ಕೊಯ್ಯದಿರಲೆಂದು ಕಪ್ಪು ಬಟ್ಟೆ ಕಟ್ಟಿದ್ದರು.

“ದೃಷ್ಟಿಗೆ ಕಟ್ಟಿದ್ದೀರ ಅಂದ್ಕೊಂಡೆ ಕಣೇ. ಒಳ್ಳೇ ಗಿಡ ಅಂತ ಅದರದ್ದೇ ಒಂದು ಎಲೆ ಕೊಯ್ಕೊಂಡೆ,” ಎನ್ನುವಷ್ಟರಲ್ಲಿ ಅತ್ತೆಯ ಹಣೆ ಬೆವರಿ, ಬಾಯಲ್ಲಿ ನೀರು ಸುರಿಯತೊಡಗಿತು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದೆ. ಯಜಮಾನರು ವೈದ್ಯರನ್ನು ಕರೆತರಲು ಜಟಕಾ ಹಿಡಿದು ಹೋದರು. ಅತ್ತೆಯ ಅಂಗೈ ತಣ್ಣಗಾಗುತ್ತಿತ್ತು. ಅವರ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತ ಕುಳಿತೆ. ವೈದ್ಯರು ಬಂದು ಮದ್ದು ಕೊಟ್ಟ ಮೇಲೆ, ದೀಪ ಹಚ್ಚುವ ಹೊತ್ತಿಗೆ ಅತ್ತೆ ಕಣ್ಣು ತೆರೆದು, “ಊಟಕ್ಕೆ ಕರೆದು ಹೊಗೆಸೊಪ್ಪು ಬಡಿಸಿದ್ಯಲ್ಲೇ!” ಎಂದರು. ನನಗೆ ನಗು ಬರಲಿಲ್ಲ.

ಈಗ ನುಸಿ ಬಿದ್ದರೆ ಬರೀ ತಣ್ಣೀರು ಎರಚುತ್ತೇವೆ. ಆದರೂ ನೆಂಟರು ಎಲೆಯ ಮುಂದೆ ಕುಳಿತು ಮೊದಲ ತುತ್ತು ನುಂಗಿ, “ಚೆನ್ನಾಗಿದೆ” ಎನ್ನುವವರೆಗೆ ನನ್ನ ಉಸಿರು ಕೆಳಗಿಳಿಯುವುದಿಲ್ಲ.