ಅತ್ತೆಯವರ ಹೆಡ್‌ಫೋನಿನ ವಯರು

ಹೆಡ್‌ಫೋನಿನ ವಯರು ಸರಿಯಾಗಿ ನಡುವಿನಲ್ಲಿ ತುಂಡಾದದ್ದನ್ನು ನೀವು ಎಂದಾದರೂ ಕಂಡದ್ದುಂಟೇ? ನಾನಂತೂ ಕಂಡಿಲ್ಲ. ಅಷ್ಟುದ್ದದ ಮೈಯನ್ನೆಲ್ಲ ಬಿಟ್ಟು, ಪ್ರಾಣತ್ಯಾಗಕ್ಕೆ ಅದು ಆರಿಸಿಕೊಳ್ಳುವುದು ಒಂದೇ ಪುಣ್ಯಸ್ಥಳವನ್ನು: ಟೇಪ್ ರೆಕಾರ್ಡರಿಗೆ ಸಿಕ್ಕಿಸುವ ಪಿನ್ನಿನ ಬುಡ. ಮೊದಲು ಅಲ್ಲಿ ರಬ್ಬರು ಬಿರಿಯುತ್ತದೆ, ಆಮೇಲೆ ಸಪೂರದ ತಾಮ್ರದ ಎಳೆಗಳು ಇಣುಕುತ್ತವೆ, ಕೊನೆಗೊಂದು ದಿನ ಎಡಗಿವಿಯಲ್ಲಿ ಹಾಡುತ್ತಿದ್ದ ಭಾಗವತರು ಪದವನ್ನು ಅರ್ಧಕ್ಕೇ ಬಿಟ್ಟು ಮೌನವ್ರತ ಹಿಡಿಯುತ್ತಾರೆ. ಇದರಲ್ಲಿ ದೊಡ್ಡ ವೇದಾಂತವೇನೂ ಇಲ್ಲ. ಪಿನ್ನನ್ನು ಹಿಡಿದು ಎಳೆಯಬೇಕಾದವರು ವಯರನ್ನು ಹಿಡಿದು ಎಳೆಯುತ್ತಾರೆ, ಅಷ್ಟೆ. ಆದರೆ ಇಷ್ಟನ್ನು ನಮ್ಮ ಮನೆಯವರ ತಲೆಗೆ ತುಂಬಿಸುವಷ್ಟರಲ್ಲಿ, ಕಾಲೇಜಿನ ಕೊನೆಯ ಬೆಂಚಿಗೆ ಹಳಗನ್ನಡ ಮುಟ್ಟಿಸಿ ಪಳಗಿದ ನನ್ನ ಗಂಟಲೂ ಬಿದ್ದುಹೋಗಿತ್ತು.

ಆಗ ಎರಡು ಸಾವಿರದ ಇಸವಿ ಕಳೆದ ಹೊಸತು. ಮಣಿಪಾಲದ ಗುಡ್ಡದ ಕೆಳಗೆ ನಮ್ಮ ಮನೆ. ಅತ್ತೆಯವರು ಮದುವೆಯಾಗಿ ಬರುವಾಗ ಕಾಪುವಿನ ತವರಿನಿಂದ ತಂದು ನೆಟ್ಟ ಮಲ್ಲಿಗೆಯ ಗೆಲ್ಲುಗಳು ಹಿತ್ತಲನ್ನೆಲ್ಲ ಆಕ್ರಮಿಸಿದ್ದವು. ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಜಗಲಿಯಲ್ಲಿ ಕೂತು ಒದ್ದೆ ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಸುತ್ತಿ ಉಡುಪಿಯ ಪೇಟೆಗೆ ಕಳಿಸುವುದು ಅವರ ನಿತ್ಯವಿಧಿ. ಕೈಗೆ ಹೂವಾದರೆ ಕಿವಿಗೆ ತಾಳಮದ್ದಳೆಯ ಕ್ಯಾಸೆಟ್ಟು. ಅರ್ಥಧಾರಿಗಳ ಆ ಅಬ್ಬರದ ವಾಗ್ವಾದದ ನಡುವೆ ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು, ಗಟ್ಟಿಯಾಗಿ ವಾದಿಸಿದವರೆಂಬ ಒಂದೇ ಕಾರಣಕ್ಕೆ ದಡ್ಡರಿಗೂ ಅಂಕ ಕೊಡತೊಡಗಿದ ಮೇಲೆ, ಗಾಬರಿಯಾಗಿ ಮಣಿಪಾಲಕ್ಕೆ ಓಡಿ ಹೆಡ್‌ಫೋನು ತಂದೆ.

ಮೊದಲನೆಯದು ಬೇಗನೆ ತೀರಿಕೊಂಡಿತು. ಎರಡನೆಯದು ಬಂದಾಗ ನಾನು ಅದರ ಸಂರಕ್ಷಣೆಗೆ ಸೆರಗು ಕಟ್ಟಿ ನಿಂತೆ. ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗನ್ನು ಬಿಡಿಸಿ ಪಿನ್ನಿನ ಕೊರಳಿಗೆ ತೊಡಿಸಿದೆ. ಅದರ ಮೇಲೆ ಕಪ್ಪು ಟೇಪು. ಸುತ್ತಿಡುವಾಗ ಬಿಗಿಯಾಗಿ ಸುತ್ತಬಾರದು, ಬೆರಳಿನ ಮೇಲೆ ಸಡಿಲವಾಗಿ ಎಂಟರ ಆಕಾರದಲ್ಲಿ ಸುತ್ತಬೇಕು ಎಂಬ ಶಾಸನ ಹೊರಡಿಸಿದೆ. ಮನೆಗೆ ಬಂದ ನೆಂಟರು ಕಾಫಿ ಕುಡಿದು ಏಳುವ ಮೊದಲು ಇದರ ಪ್ರಾತ್ಯಕ್ಷಿಕೆ ನೋಡಲೇಬೇಕಿತ್ತು. ನನ್ನ ಗಂಡ, "ನಮ್ಮ ಮಗುವಿಗೂ ಇಷ್ಟು ಆರೈಕೆ ಆಗಲಿಲ್ಲ" ಎಂದು ಗೊಣಗುತ್ತಿದ್ದರು. ಅತ್ತೆ ಮಾತ್ರ ಎಲ್ಲವನ್ನೂ ಭಕ್ತಿಯಿಂದ ಕೇಳಿ ತಲೆಯಾಡಿಸುತ್ತಿದ್ದರು.

ಹೆಡ್‌ಫೋನು ಬಂದದ್ದರಿಂದ ಇನ್ನೊಂದು ಸೌಲಭ್ಯವೂ ಆಯಿತು. ಅದನ್ನು ಹಾಕಿಕೊಂಡ ಅತ್ತೆ ಜಗಲಿಯಲ್ಲಿ ಇದ್ದೂ ಇಲ್ಲದವರಾದರು. ಊಟಕ್ಕೆ ಕರೆಯುವುದಕ್ಕೆ ನಾವು ಅವರ ಮುಂದೆ ಹೋಗಿ ಕೈಬೀಸುತ್ತಿದ್ದೆವು. ಉಳಿದ ಮಾತನ್ನೆಲ್ಲ ಅವರ ಎದುರಿಗೇ ನಿರಾತಂಕವಾಗಿ ಆಡುತ್ತಿದ್ದೆವು. ಮನೆಯ ಗುಟ್ಟಿನ ಮಾತಿಗೆ ಗಾಳಿ ಚೆನ್ನಾಗಿ ಬೀಸುವ ಜಗಲಿಗಿಂತ ಪ್ರಶಸ್ತವಾದ ಜಾಗ ಬೇರೆ ಯಾವುದುಂಟು, ಹೇಳಿ?

ಆ ವರ್ಷದ ಗುಟ್ಟು ಆ ಮಲ್ಲಿಗೆ ಗಿಡಗಳದ್ದೇ. ಕಾರ್ಕಳದಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ ಇಟ್ಟಿದ್ದ ನನ್ನ ಮೈದುನನಿಗೆ ಎಲ್ಲಿ ಖಾಲಿ ಜಾಗ ಕಂಡರೂ ಪಿಲ್ಲರು ಕಾಣಿಸುವ ಕಾಯಿಲೆ. ಗಿಡಗಳನ್ನೆಲ್ಲ ಕಡಿದು ಮಣಿಪಾಲದ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಕೋಣೆಗಳನ್ನು ಎಬ್ಬಿಸಬೇಕೆಂದು ಅವನು ಭಾನುವಾರ ತಪ್ಪದೆ ಬಂದು ಅಣ್ಣನ ಕಿವಿ ಊದುತ್ತಿದ್ದ. ನನ್ನ ಗಂಡ ಎಂದಿನಂತೆ "ನೋಡುವ, ನೋಡುವ" ಎನ್ನುತ್ತಿದ್ದರು. ಅತ್ತೆಯ ಪಕ್ಷದ ಏಕೈಕ ಅರ್ಥಧಾರಿ ನಾನು. ಪ್ರತಿ ಭಾನುವಾರವೂ ಅವರಿಗಾಗಿ ಕಣ್ಣು ಕೆಂಪಗೆ ಮಾಡಿಕೊಂಡು ಹೋರಾಡುತ್ತಿದ್ದೆ, ಅವರಿಗಿಂತ ನಾಲ್ಕು ಮಾರು ದೂರದಲ್ಲಿ ನಿಂತು.

ಕ್ರಿಸ್ಮಸ್ ರಜೆಯ ಒಂದು ಬೆಳಗ್ಗೆ ಮೈದುನ ಅಳತೆಯ ಟೇಪನ್ನೇ ಹಿಡಿದು ಬಂದ. ಜಗಲಿಯ ಮೂಲೆಯಲ್ಲಿ ಅತ್ತೆ ಹೆಡ್‌ಫೋನು ಹಾಕಿಕೊಂಡು ಹೂ ಕಟ್ಟುತ್ತಿದ್ದರು. ಪಕ್ಕದಲ್ಲಿ ಕ್ಯಾಸೆಟ್ಟು ತಿರುಗುತ್ತಿತ್ತು.

"ನಾಳೆಯೇ ಜನ ಬರುತ್ತಾರೆ ಅತ್ತಿಗೆ. ಅಮ್ಮನಿಗೆ ಕಡಿದ ಮೇಲೆ ಹೇಳಿದರಾಯಿತು. ನಾಲ್ಕು ದಿವಸ ಅಳುತ್ತಾರೆ, ಮತ್ತೆ ಸರಿಯಾಗುತ್ತಾರೆ, ಅಲ್ವಾ?"

ನನಗೆ ಪಿತ್ತ ನೆತ್ತಿಗೇರಿತು. "ಆ ಗಿಡಗಳನ್ನು ಮುಟ್ಟಿದರೆ ಅತ್ತೆ ಇನ್ನೊಂದು ಮಳೆಗಾಲ ನೋಡುವುದಿಲ್ಲ, ನೆನಪಿಟ್ಟುಕೋ! ಆ ಜೀವಕ್ಕೆ ಮಲ್ಲಿಗೆ ಬಿಟ್ಟು ಬೇರೆ ಎಂತ ಉಂಟು?"

"ಯಾರು ನೋಡುವುದಿಲ್ಲ?" ಎಂದರು ಅತ್ತೆ, ನಾರಿನ ಗಂಟನ್ನು ಎಳೆಯುತ್ತ, ತಲೆ ಎತ್ತದೆ.

ಅಬ್ಬಬ್ಬಾ! ಮೈದುನನ ಕೈಯ ಟೇಪು ಸರ್ರೆಂದು ಒಳಗೆ ಸೇರಿಕೊಂಡಿತು. ಗಂಡ ಕಂಬಕ್ಕೆ ಒರಗಿ ನಿಂತವರು ಹಾಗೆಯೇ ಉಳಿದರು. ನಾನು ಓಡಿಹೋಗಿ ಹೆಡ್‌ಫೋನನ್ನು ಅತ್ತೆಯ ತಲೆಯಿಂದ ತೆಗೆದು ನನ್ನ ಕಿವಿಗೆ ಇಟ್ಟುಕೊಂಡೆ. ಕ್ಯಾಸೆಟ್ಟು ತಿರುಗುತ್ತಲೇ ಇದೆ. ಒಳಗೆ ಚೆಂಡೆ ಇಲ್ಲ, ಭಾಗವತರಿಲ್ಲ, ಒಂದು ಗೊರಗೊರ ಸದ್ದೂ ಇಲ್ಲ!

ಟೇಪ್ ರೆಕಾರ್ಡರನ್ನು ನಿಲ್ಲಿಸಿ ಪಿನ್ನನ್ನು ಹೊರಗೆ ತೆಗೆದೆ. ನಾನು ಹಾಕಿದ್ದ ಸ್ಪ್ರಿಂಗು, ಕಪ್ಪು ಟೇಪು ಎರಡೂ ಮಾಯ. ಅವುಗಳ ಜಾಗದಲ್ಲಿ, ಹೂ ಕಟ್ಟುವಷ್ಟೇ ಒತ್ತಾಗಿ, ಒಪ್ಪವಾಗಿ ಗಂಟು ಹಾಕಿದ ಬಾಳೆನಾರು. ಮುಟ್ಟಿದರೆ ಒದ್ದೆ. ಬಿಡಿಸಿ ನೋಡಿದರೆ ಒಳಗಿನ ತಾಮ್ರವೆಲ್ಲ ಹಸಿರು ಕಿಲುಬು ಹಿಡಿದು ಪುಡಿಯಾಗಿದೆ.

"ನಿನ್ನ ಟೇಪು ಸೆಕೆಗೆ ಬಿಟ್ಟುಹೋಯಿತು" ಎಂದರು ಅತ್ತೆ ಸಣ್ಣ ಸ್ವರದಲ್ಲಿ. "ಹಾಗೆ ನಾರು ಕಟ್ಟಿದೆ. ನಾರು ಒಣಗಿದರೆ ಜಾರುತ್ತದಲ್ಲ, ಅದಕ್ಕೆ ಹೂವಿಗೆ ಚಿಮುಕಿಸುವಾಗ ಅದಕ್ಕೂ ಎರಡು ಹನಿ ನೀರು ಚಿಮುಕಿಸುತ್ತಿದ್ದೆ, ಬೆಳಗ್ಗೆ ಸಂಜೆ. ಸ್ವರ ಹೋಯಿತು."

"ಯಾವಾಗ ಹೋದದ್ದು?"

"ಚೌತಿಗೆ ಮುಂಚೆಯೇ."

ಚೌತಿಗೆ ಮುಂಚೆ! ಶಿವ ಶಿವಾ! ಅಂದಿನಿಂದ ಆ ಜಗಲಿಯಲ್ಲಿ ನಾವು ಆಡಿದ ಮಾತುಗಳೆಲ್ಲ ನನ್ನ ಕಣ್ಣಮುಂದೆ ಸಾಲುಗಟ್ಟಿ ನಿಂತವು. ಅವರ ಗೊರಕೆಯನ್ನು ನಾನು ಅಣಕಿಸಿದ್ದು, ಅವರ ಸಕ್ಕರೆ ಕಾಯಿಲೆಯ ವಿಷಯ ಅವರಿಗೇ ಹೇಳುವುದು ಬೇಡವೆಂದು ಗಂಡನೂ ನಾನೂ ಒಪ್ಪಂದ ಮಾಡಿಕೊಂಡದ್ದು, ಭಾನುವಾರದ ಆ ಕದನಗಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಹೇಳಬಹುದಿತ್ತಲ್ಲ ಅತ್ತೆ!"

"ಹೇಗೆ ಹೇಳುವುದು? ಆ ವಯರಿಗೆ ನೀನು ಮಾಡುವ ಉಪಚಾರ ನೋಡಿದರೆ ಹೆದರಿಕೆ ಆಗುತ್ತಿತ್ತು."

ನನಗೆ ಹೆದರಿ! ಚೆಂಡೆಯಿಲ್ಲದೆ, ಪದವಿಲ್ಲದೆ, ತಿರುಗುವ ಕ್ಯಾಸೆಟ್ಟನ್ನೇ ನೋಡುತ್ತ ಇಷ್ಟು ತಿಂಗಳು ಕೂತಿದ್ದರಂತೆ ಈ ಹೆಂಗಸು. ವಯರನ್ನು ಉಳಿಸುವ ನನ್ನ ಮಹಾಯಜ್ಞದಲ್ಲಿ ನಿಜವಾಗಿ ಏನು ಬೆಂದುಹೋಗಿತ್ತೆಂದು ತಿಳಿದು ನನಗೆ ಅಳುವೇ ಬಂತು.

ಮೈದುನ ಮೆಲ್ಲಗೆ ಚಪ್ಪಲಿಯ ಕಡೆಗೆ ಜಾರತೊಡಗಿದ್ದ. "ನೀನು ಕೂತುಕೋ" ಎಂದರು ಅತ್ತೆ. "ನಾಲ್ಕು ದಿವಸ ಬಿಡು, ನಾನು ಒಂದು ದಿವಸವೂ ಅಳುವುದಿಲ್ಲ. ಮುಂಜಾನೆ ಎದ್ದು ಬಗ್ಗಿ ಬಗ್ಗಿ ಕೊಯ್ದು ಸೊಂಟ ಬಿದ್ದುಹೋಗಿದೆ. ನನಗೆ ಸಾಕಾಗಿ ಎರಡು ವರ್ಷ ಆಯಿತು. ಬಾವಿಯ ಹತ್ತಿರದ ಗಿಡಗಳು ಇರಲಿ, ದೇವರಿಗೆ ಬೇಕು. ಉಳಿದದ್ದನ್ನು ತೆಗೆದು ಕೋಣೆ ಕಟ್ಟಿ. ಆದರೆ ಓದುವ ಹೆಣ್ಣುಮಕ್ಕಳಿಗೇ ಕೊಡಬೇಕು. ನನಗೆ ಮಾತಾಡಲಿಕ್ಕೆ ಜನ ಬೇಕು."

ಮಲ್ಲಿಗೆಯೇ ಅತ್ತೆಯ ಪ್ರಾಣವೆಂದು ಊರಿಗೆಲ್ಲ ಸಾರಿದವಳು ನಾನು! ಸೋತ ವಕೀಲನಿಗೂ ಇಷ್ಟು ಅವಮಾನ ಆಗಿರಲಾರದು. ಅವನನ್ನು ಸೋಲಿಸುವುದು ಎದುರು ಪಕ್ಷ, ನನ್ನನ್ನು ಸೋಲಿಸಿದ್ದು ನನ್ನ ಕಕ್ಷಿದಾರಳೇ. ತಡೆಯಲಾರದೆ ಕೇಳಿಯೇಬಿಟ್ಟೆ: "ಅತ್ತೆ, ಇಷ್ಟು ದಿವಸ ನಾನು ಜಗಳಾಡಿದ್ದು ನಿಮ್ಮ ಪರವಾಗಿಯೇ ಅಲ್ವಾ?"

ಅತ್ತೆ ಕಟ್ಟಿ ಮುಗಿಸಿದ ಚೆಂಡನ್ನು ಬಾಳೆಲೆಯ ಮೇಲಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಹೌದು, ಎಲ್ಲ ಕೇಳಿದ್ದೇನೆ. ಚೆನ್ನಾಗಿಯೇ ಮಾತಾಡಿದ್ದಿ. ಆದರೆ ನಾನು ಇಲ್ಲೇ ಕೂತಿದ್ದೆನಲ್ಲ ಮಾರಾಯ್ತಿ, ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತಲ್ಲ."