ಹನ್ನೆರಡನೆಯ ಸಾಲು

ಇಂಥ ಅನುಭವಗಳನ್ನು ಯಾರಾದರೂ ಹೇಳಿಕೊಂಡರೆ ಮುಸಿಮುಸಿ ನಗುತ್ತಿದ್ದವನು ನಾನು. ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವನು ದೆವ್ವ, ಶಕುನ ಎಂದು ಹೆದರುತ್ತ ಕೂತರೆ ಹೊಟ್ಟೆಪಾಡು ನಡೆಯಬೇಕಲ್ಲ! ಯಂತ್ರ ತಪ್ಪಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ಗಿರಾಕಿಗಳಿಗೆ ಉಪದೇಶ ಬೇರೆ ಮಾಡುತ್ತಿದ್ದೆ. ಹೋದ ವರ್ಷ ಆದದ್ದಕ್ಕೆ ಮಾತ್ರ ಇನ್ನೂ ಕಾರಣ ಹುಡುಕುತ್ತಲೇ ಇದ್ದೇನೆ.

ನಮ್ಮ ಓಣಿಯ ನೀಲವ್ವ ಮಗ್ಗದ ಮುಂದೆಯೇ ಮುದುಕಿಯಾದವಳು. ಸೀರೆಯ ಅಂಚಿಗೆ ಯಾವ ಸಾಲಿನಲ್ಲಿ ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂಬ ಎಣಿಕೆಯನ್ನು ಆಕೆ ಎಲ್ಲೂ ಬರೆದಿಟ್ಟವಳಲ್ಲ, ಎಲ್ಲ ತಲೆಯಲ್ಲೇ. ಈಗ ಆ ತಲೆಯೊಳಗೆ ಗಂಟು ಬೆಳೆದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್. ಆಮೇಲೆ ನೆನಪು ಎಷ್ಟು ಉಳಿಯುತ್ತದೋ ಹೇಳಲಾಗದು ಎಂದಿದ್ದರು ಡಾಕ್ಟರು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಸೊಸೆ ಶಾಂತವ್ವ ಅತ್ತೆಯ ಕೈಹಿಡಿದು ನನ್ನ ಅಂಗಡಿಗೆ ಕರೆತಂದಳು.

“ಅಣ್ಣಾರ, ನಮ್ಮತ್ತಿ ಎಣಿಕಿ ಎಲ್ಲಾ ಕಂಪ್ಯೂಟರ್‌ನಾಗ ಇಟ್ಟುಬಿಡ್ರಿ. ಲಗೂ ಆಗಬೇಕ್ರಿ,” ಎಂದಳು.

ಆಗಷ್ಟೇ ನಾನು ಒಂದು ಎಐ ಏಜೆಂಟನ್ನು ಕೆಲಸಕ್ಕೆ ಹಚ್ಚಿಕೊಂಡಿದ್ದೆ. ಬಾಡಿಗೆಗೆ ಹಿಡಿದಿದ್ದ ಸರ್ವರಿನ ಕಂಟ್ರೋಲ್ ಪ್ಯಾನೆಲ್ಲಿಗೆ ಅದಕ್ಕೊಂದು ಪಾಸ್‌ವರ್ಡಿನಂಥ ಕೀಲಿ ಕೊಟ್ಟರೆ ಮುಗಿಯಿತು. ಇಂಥದ್ದು ಬೇಕು ಎಂದರೆ ತಾನೇ ಡೇಟಾಬೇಸ್ ಕಟ್ಟಿ, ತಾನೇ ತುಂಬಿಡುತ್ತದೆ. ಸೋಮಾರಿಗೆ ಇನ್ನೇನು ಬೇಕು? ಪೂರ್ತಿ ಅಧಿಕಾರದ ಕೀಲಿಯನ್ನೇ ಕೊಟ್ಟು ಆರಾಮಾಗಿದ್ದೆ.

ನೀಲವ್ವ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಎಣಿಕೆ ಹೇಳಿದಳು. ನಾನು ಟೈಪು ಮಾಡಿದೆ. ಮೂರು ಅಂಚು ಸಲೀಸಾಗಿ ಮುಗಿದವು. ನಾಲ್ಕನೆಯದು ಆಕೆಯ ಅತ್ತೆಯಿಂದ ಬಂದದ್ದು, ಊರಲ್ಲಿ ಆಕೆಯೊಬ್ಬಳೇ ನೇಯುವಂಥದ್ದು. ಅದರ ಹನ್ನೊಂದು ಸಾಲು ಹೇಳಿ ನಿಲ್ಲಿಸಿಬಿಟ್ಟಳು. ಹನ್ನೆರಡನೆಯದನ್ನು ಬಾಯಿಂದ ಹೇಳುವಂತಿಲ್ಲವಂತೆ. ಸೊಸೆಯನ್ನು ಮಗ್ಗಕ್ಕೆ ಕೂಡಿಸಿ, ಅವಳ ಕೈಹಿಡಿದು, ನೂಲಿನ ಮೇಲೆಯೇ ತೋರಿಸಬೇಕು. ಅದು ಅವರ ಮನೆಯ ರೀತಿ. ಶಾಂತವ್ವನೋ ಬೆಳವಣಕಿಯ ಒಕ್ಕಲುತನದ ಮನೆಯಿಂದ ಬಂದವಳು, ಮಗ್ಗಕ್ಕೆ ಇನ್ನೂ ಹೊಸಬಳು, ಒಂದೇ ರಾತ್ರಿಯಲ್ಲಿ ಆ ಹನ್ನೊಂದು ಸಾಲನ್ನು ದಾಟುವಂತಿರಲಿಲ್ಲ.

“ದವಾಖಾನಿಯಿಂದ ಬಂದಮ್ಯಾಲ ತೋರಸ್ತೀನಿ,” ಎಂದಳು ಮುದುಕಿ.

“ನೀವು ಬರೂದು ಖರೇರಿ ಅತ್ತಿ, ನಿಮಗ ನೆನಪಿರಬೇಕಲ್ರಿ,” ಎಂದು ಶಾಂತವ್ವ ಕಣ್ಣೊರೆಸಿಕೊಂಡಳು.

ನಾನು ಹನ್ನೊಂದು ಸಾಲನ್ನೂ ಏಜೆಂಟಿಗೆ ಒಪ್ಪಿಸಿದೆ. ನಿಮಿಷದಲ್ಲಿ ‘ಆಯಿತು’ ಎಂದಿತು. ಸರಿಯಿದೆಯೋ ಇಲ್ಲವೋ ನೋಡೋಣವೆಂದು ಪರದೆ ನೋಡುತ್ತ ಗಟ್ಟಿಯಾಗಿ ಓದತೊಡಗಿದೆ. ಓದುವ ಭರದಲ್ಲಿ ಹನ್ನೊಂದು ಮುಗಿದದ್ದು ಗೊತ್ತಾಗಲಿಲ್ಲ. “ಒಂಬತ್ತು ಬಿಡು, ಎರಡು ಎತ್ತು” ಎನ್ನುವಷ್ಟರಲ್ಲಿ ನೀಲವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಆಕೆಗೆ ಅಂಕಿ ಓದಲು ಬರುತ್ತಿತ್ತು. ಪರದೆಯ ಮೇಲೆ ಬೆರಳಿಟ್ಟು ಉಳಿದದ್ದನ್ನು ಕೊನೆಯವರೆಗೂ ನೋಡಿದಳು.

“ಯಾರು ಹೇಳಿದ್ರು ನಿನಗ ಇದನ್ನ?”

ಹಿಂದಿನ ಸಾಲುಗಳ ವರಸೆ ನೋಡಿ ಯಂತ್ರ ಊಹಿಸಿರಬೇಕು ಎಂದು ತೊದಲಿದೆ.

“ವರಸಿ ಮುರಿಯೂ ಸಾಲು ಅದು, ತಮ್ಮಾ. ಊಹಾಕ್ಕ ಹ್ಯಾಂಗ ಸಿಗತೈತಿ? ಅಳಸು. ಈಗಿಂದೀಗ ಅಳಸು.”

ಏಜೆಂಟಿನ ದಾಖಲೆ ತೆರೆದು ನೋಡಿದೆ. ನಾನು ಕೊಟ್ಟದ್ದು ಹನ್ನೊಂದೇ. ಹನ್ನೆರಡನೆಯದು ಎಲ್ಲಿಂದ ಬಂತೆಂದು ಅದನ್ನೇ ಕೇಳಿದೆ. ‘ನೀವು ಕೊಟ್ಟ ಹನ್ನೆರಡೂ ಸಾಲುಗಳನ್ನು ಸೇರಿಸಿದ್ದೇನೆ’ ಎಂಬ ಉತ್ತರ ಬಂತು. ಸುಳ್ಳೇಕೆ ಹೇಳಲಿ, ಆಗ ಮುದುಕಿಗಿಂತ ಹೆಚ್ಚು ಹೆದರಿದವನು ನಾನು. ಹಟ್ಟಹಗಲಲ್ಲಿ, ಹೊರಗೆ ಬಸ್ಸಿನ ಹಾರ್ನು ಕೇಳುತ್ತಿರುವಾಗ, ಎದ್ದು ಅಂಗಡಿಯ ದೀಪ ಹಾಕಿದೆ.

“ಅಳಸಬ್ಯಾಡ್ರಿ ಅಣ್ಣಾರ,” ಎಂದು ಶಾಂತವ್ವ ಅಂಗಲಾಚಿದಳು. ನಾನು ಕೇಳಲಿಲ್ಲ. ಆ ಸಾಲು ಅಳಿಸಿದೆ. ಏಜೆಂಟಿನ ದಾಖಲೆಯನ್ನೂ ಅಳಿಸಿದೆ. ಕಟ್ಟಿ ಅರ್ಧ ಗಂಟೆಯೂ ಆಗದ ಡೇಟಾಬೇಸಿಗೆ ಬ್ಯಾಕಪ್ ಎಲ್ಲಿಂದ ಬರಬೇಕು? ಅಂಜಿಕೆಯಲ್ಲಿ ಅದನ್ನು ಯೋಚಿಸಲೂ ಇಲ್ಲ.

ನೀಲವ್ವ ಬದುಕಿ ಬಂದಳು. ಎಲ್ಲರ ಗುರುತು ಹಿಡಿದಳು, ಮಗ್ಗಕ್ಕೂ ಕೂತಳು. ಹನ್ನೊಂದು ಸಾಲಿನವರೆಗೆ ಬೆರಳುಗಳು ತಾವಾಗಿ ಓಡಿದವಂತೆ, ಮುಂದಕ್ಕೆ ಓಡಲಿಲ್ಲ. ಶಾಂತವ್ವ ಮರುದಿನವೇ ಬಂದಳು. “ಎಲ್ಲ್ಯರ ಉಳದೈತೇನ್ರಿ ಅಣ್ಣಾರ?” ಎಂದು ಕೇಳಿದಳು. ಬ್ಯಾಕಪ್ ಇಟ್ಟಿರಲಿಲ್ಲ ಎಂದು ಕೀಬೋರ್ಡ್ ನೋಡುತ್ತ ಹೇಳಿದೆ.

ಅಂದಿನಿಂದ ಅದೇ ಹನ್ನೊಂದು ಸಾಲನ್ನು ಏಜೆಂಟಿಗೆ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹೆಚ್ಚಿನ ಸಲ ಹನ್ನೊಂದಕ್ಕೇ ನಿಲ್ಲುತ್ತದೆ. ಬೇಡಿಕೊಂಡರೆ ಏನೋ ಒಂದು ಸೇರಿಸುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಒಯ್ದರೆ ನೀಲವ್ವ ಬೆರಳಿಟ್ಟು ನೋಡಿ ತಲೆಯಾಡಿಸುತ್ತಾಳೆ. ಅದಲ್ಲ ಎಂಬುದಷ್ಟೇ ಆಕೆಗೆ ಗೊತ್ತು.

ಕಳೆದ ವಾರ ಶಾಂತವ್ವ ತಾನೇ ಮಗ್ಗಕ್ಕೆ ಕೂತಳು. ಹನ್ನೊಂದು ಸಾಲು ನೇಯ್ದಳು. ನನ್ನ ಬಾಯಿಂದ ಬಿದ್ದಷ್ಟನ್ನು ನೆನಪಿಟ್ಟುಕೊಂಡಿದ್ದವಳು ಒಂಬತ್ತು ಎಳೆ ಬಿಟ್ಟಳು, ಎರಡು ಎತ್ತಿದಳು. ಆಮೇಲೆ ಅತ್ತೆಯ ಕೈಹಿಡಿದು ನೂಲಿನ ಮೇಲೆ ಇಟ್ಟುಕೊಂಡು ಕಾಯುತ್ತ ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಕೈ ಅಲುಗಲಿಲ್ಲ. ಆ ಸಾಲು ಎಲ್ಲಿಂದ ಬಂದಿತ್ತೋ ಇಂದಿಗೂ ನನಗೆ ಗೊತ್ತಿಲ್ಲ. ಅಳಿಸಿದವನು ಮಾತ್ರ ನಾನೇ.