ಬಾಡಿಗೆ ಮಣ್ಣಿನ ಚರಗ

ಚರಗ ಚೆಲ್ಲುವ ಹಕ್ಕು ಯಾರದು ಎಂಬ ವಿಷಯದ ಮೇಲೆ ನಾನು ಯಾವ ಚರ್ಚಾಸ್ಪರ್ಧೆಯಲ್ಲೂ ಮಾತನಾಡಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಯಾದಗಿರಿಯ ವೇದಿಕೆಯೊಂದರಲ್ಲಿ ನಿಂತು, ಭೂಮಿ ಉಳುವವನಿಗೇ ಸೇರಬೇಕು ಎಂದು ವಾದಿಸಿ ಗೆದ್ದಿದ್ದೆ. ಆ ಫಲಕ ಈಗಲೂ ಶಹಾಪುರದ ನನ್ನ ಬಾಡಿಗೆ ಮನೆಯ ಗೋಡೆಯ ಮೇಲಿದೆ. ಆದರೆ ಎಳ್ಳಮಾವಾಸ್ಯೆಯ ದಿನ ಹೊಲದವರು ಪೈರಿನ ನಡುವೆ ಸುತ್ತುತ್ತ, ಭೂಮಿಗೆ ಉಣಿಸುವ ಭಾವದಿಂದ ರೊಟ್ಟಿ, ಕಡಬು, ಭಜ್ಜಿ ಪಲ್ಯವನ್ನು ಕಲಸಿ ಚೆಲ್ಲುತ್ತಾರಲ್ಲ, ಆ ಒಂದು ಹಿಡಿ ಅನ್ನದೊಳಗೆ ಒಡೆತನದ ಇಷ್ಟು ಹಳೆಯ ವ್ಯಾಜ್ಯ ಅಡಗಿದೆಯೆಂದು ನನಗೆ ತಿಳಿದಿರಲಿಲ್ಲ.

ಸುರಪುರದ ರಸ್ತೆಯ ಕಡೆ, ಊರು ಮುಗಿಯುವಲ್ಲಿ, ಒಬ್ಬ ಸಾಹುಕಾರರ ಬಯಲು ಜಾಗವಿತ್ತು. ನಿವೇಶನ ಮಾಡಬೇಕೆಂದು ಬೇಲಿ ಹಾಕಿಸಿದ್ದರು. ಅನುಮತಿ ಸಿಗದೆ ಜಾಲಿ ಬೆಳೆದಿತ್ತು. ಪದವಿ ಕಾಲೇಜಿನಲ್ಲಿ ಪಾಠ ಹೇಳುವ ನಾನು, ಸಮಾಜವನ್ನು ಮಾತಿನಿಂದಲೇ ತಿದ್ದಬಹುದೆಂಬ ವಿಶ್ವಾಸದಲ್ಲಿ ಅವರ ಮನೆಗೆ ಹಲವು ಸಲ ಹೋಗಿ, ಜಾಗವನ್ನು ತುಂಡುಗಳಾಗಿ ಮಾಡಿ ಮಣ್ಣಿಲ್ಲದವರಿಗೆ ವರ್ಷದ ಬಾಡಿಗೆಗೆ ಕೊಡುವಂತೆ ಒಪ್ಪಿಸಿದೆ. ನಾನೂ ಒಂದು ತುಂಡು ಹಿಡಿದೆ. ಒಂದೇ ಬಾವಿ, ಒಂದೇ ಮೋಟಾರು, ಪಾಳಿಯ ಪ್ರಕಾರ ನೀರು. ಬೇರೆ ಬೇರೆ ಓಣಿಗಳ ಜನ ಒಂದೇ ಕಾಲುವೆಯ ಮೇಲೆ ಬಗ್ಗಿ ನಿಂತರೆ ಅರ್ಧ ಸುಧಾರಣೆ ಆದಂತೆಯೇ ಎಂದು ನಾನು ಆಗ ನಂಬಿದ್ದೆ.

ನನ್ನ ಪಕ್ಕದ ತುಂಡು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಒಬ್ಬ ಹೆಂಗಸಿನದು. ವಯಸ್ಸಿನಲ್ಲಿ ನನಗಿಂತ ಹಿರಿಯಳು. ನಾನು ಅಕ್ಕ ಎನ್ನುತ್ತಿದ್ದೆ. ದೋರನಹಳ್ಳಿಯವಳು. ಬೆಳಗಿನ ಅಡುಗೆ ಮುಗಿಸಿ, ಕೈಗೆ ಹತ್ತಿದ ಅರಿಸಿನದ ಬಣ್ಣದೊಂದಿಗೇ ಬಂದು ಮಡಿಗಳ ನಡುವೆ ಕೂರುತ್ತಿದ್ದಳು. ಪುಂಡಿ, ರಾಜಗಿರಿ, ಮೆಂತೆ, ಬದನೆ, ಹೀರೆ; ಅಂಚಿಗೆ ಉದ್ದಕ್ಕೂ ಒಂದು ಸಾಲು ಬಿಳಿಜೋಳ. ಕೆಳಗಿನ ತುಂಡು ಹಿಡಿದಿದ್ದ ನಿವೃತ್ತ ಬಸ್ ಡ್ರೈವರಿಗೆ ಆ ಜೋಳ ಕಂಡರೆ ನಗೆ.

“ಏ ಅಕ್ಕಾ, ಇಷ್ಟ ಜೋಳದಾಗ ಒಂದ್ ರೊಟ್ಟಿನೂ ಆಗಂಗಿಲ್ಲ. ಗುಬ್ಬಿಗೋಳಿಗಿ ಮೆಸ್ ತಗದೀ ಏನು?”

“ನೀ ಸುಮ್ಮ ಕೂಡೋ ಯಣ್ಣಾ. ನಿನ್ನ ಮೆಣಸಿನ ಗಿಡ ನೋಡು ಮೊದಲ. ನೀ ಓಡಸ್ತಿದ್ದ ಬಸ್ಸಿನಂಗ ಹೊಂಟಲ್ಲೇ ಕೆಟ್ಟು ನಿಂತಾವ.”

“ಮೇಡಂರದು ಇನ್ನೂ ಚಲೋ ಬಿಡವ್ವ. ಬದನಿ ಗಿಡಕ್ಕ ದಿನಾ ಭಾಷಣ ಕೇಳಿ ಕೇಳಿ ನಿದ್ದಿ ಹತ್ಯಾದ.”

ನಾನೂ ನಕ್ಕೆ. ಆದರೆ ಆ ಜೋಳದ ಸಾಲು ಯಾಕೆಂದು ಕೇಳಿದಾಗ ಅವಳು ನಗಲಿಲ್ಲ. ಕಳೆ ಕೀಳುವ ಕುರ್ಪಿ ಕೆಳಗಿಟ್ಟು ಹೇಳಿದಳು:

“ಹೊಲ ಅಂದ ಮ್ಯಾಲ ಜೋಳ ನಿಂತಿರಬೇಕ್ರಿ ಮೇಡಂ. ಇಲ್ಲಂದ್ರ ಎಳ್ಳಮಾಸಿಗಿ ಚರಗ ಎಲ್ಲಿ ಚೆಲ್ಲಲಿ? ನಮ್ಮವ್ವಗ ಹೊಲ ಇದ್ದಿಲ್ಲ, ನನ್ನ ಗಂಡನ ಮನಿಗೂ ಇಲ್ಲ. ಹುಟ್ಟಿದಾಗಿಂದ ಎಳ್ಳಮಾಸಿ ಬಂತಂದ್ರ ಮಂದಿ ಹೊಲಕ್ಕ ಉಣ್ಣಾಕ ಹೋಗೂದೇ ಆಗ್ಯಾದ. ಕರೀತಾರ್ರಿ, ಯಾರೂ ಇಲ್ಲನ್ನಂಗಿಲ್ಲ, ಹೊಟ್ಟಿ ತುಂಬ ಹಾಕ್ತಾರ. ಆದ್ರ ಅವರು ಚೆಲ್ಲಿ ಬರೂತನಕ ನಾವು ಬದುವಿನ ಮ್ಯಾಲ ಕುಂತು ನೋಡಬೇಕು. ಒಂದ್ ಸಲ ನಾ ಚೆಲ್ಲಬೇಕು, ಮಂದಿ ಕುಂತು ನೋಡಬೇಕು. ಅಷ್ಟ.”

ಚರಗ ಚೆಲ್ಲುವವರ ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಬರಬೇಕು. ಆ ಕೆಲಸಕ್ಕೆ ಅವಳು ನನ್ನನ್ನೇ ಕೇಳಿದಳು. ಇಂಥ ಆಚರಣೆಗಳನ್ನು ನಾನು ಮಾಡುವುದಿಲ್ಲ, ದೇವರಲ್ಲಿ ನನಗೆ ನಂಬಿಕೆಯಿಲ್ಲ ಎಂದೆ.

“ಇದು ದೇವರಿಗಿ ಎಲ್ಯದರಿ? ಮಣ್ಣಿಗಿ. ಮಣ್ಣಿನ ಮ್ಯಾಲೂ ನಂಬಿಕಿ ಇಲ್ಲೇನು ನಿಮಗ?”

ತಂಬಿಗೆ ಹಿಡಿಯಲು ಒಪ್ಪಿಕೊಂಡೆ. ಅಂದಿನಿಂದ ಅವಳ ಕೈಯಲ್ಲಿ ಆ ತುಂಡು ಬೇರೆಯೇ ಕಳೆ ಪಡೆಯಿತು. ಪಾಂಡವರೆಂದು ಪೂಜಿಸಲು ಗುಡ್ಡದ ಬುಡದಿಂದ ಐದು ನುಣುಪಾದ ಕಲ್ಲುಗಳನ್ನು ಆರಿಸಿ ತಂದು, ತೊಳೆದು, ಬದುವಿನ ಮೇಲೆ ಸಾಲಾಗಿ ಇಟ್ಟಳು. ಜೋಳ ತೆನೆಗಟ್ಟಿತು. ಗುಬ್ಬಿ ಕೂರದಂತೆ ತೆನೆಗಳಿಗೆ ಹಳೆಯ ಸೀರೆಯ ಚೂರುಗಳನ್ನು ಕಟ್ಟಿದಳು.

ಅಮಾವಾಸ್ಯೆ ಹತ್ತಿರ ಬಂದಾಗ, ಸಾಹುಕಾರರು ಎಂದಿನಂತೆ ಸ್ಕೂಟರಿನಲ್ಲಿ ಬಂದು ಬಾವಿಯ ನೀರು ನೋಡುತ್ತಿದ್ದರು. ಅವಳು ಸೆರಗು ಸರಿಪಡಿಸಿಕೊಂಡು ಅವರೆದುರು ಹೋದಳು. ಕರೆಯುವುದು ಮರ್ಯಾದೆ, ಅವಳ ಜೀವನದಲ್ಲಿ ಎಳ್ಳಮಾವಾಸ್ಯೆಗೆ ಇನ್ನೊಬ್ಬರನ್ನು ಕರೆಯುವ ಮೊದಲ ಸರದಿಯೂ ಅದಾಗಿತ್ತು.

“ಸಾವಕಾರ್ರ, ಎಳ್ಳಮಾಸಿಗಿ ನನ್ನ ಹೊಲಕ್ಕ ಉಣ್ಣಾಕ ಬರಬೇಕ್ರಿ. ಮನಿ ಮಂದಿನೆಲ್ಲಾ ಕರಕೊಂಡ ಬರ್ರಿ. ಚರಗ ಚೆಲ್ಲಾಕತ್ತೀನಿ.”

ಸಾಹುಕಾರರ ಮುಖ ಬಾಡಿದ್ದನ್ನು ನಾನು ದೂರದಿಂದಲೇ ಕಂಡೆ. ಅವರು ಸಿಟ್ಟಾಗಲಿಲ್ಲ. ಜೋಳದ ಸಾಲನ್ನು, ಕಲ್ಲುಗಳನ್ನು ನೋಡಿದರು. “ಕಾಯಿಪಲ್ಯೆ ಏನ ಬೇಕಾದ್ದು ಬೆಳಕೋ ಬೇ. ಚರಗ ಒಂದ್ ಬ್ಯಾಡ,” ಎಂದು ಹೇಳಿ ಸ್ಕೂಟರು ಹತ್ತಿದರು.

ಮರುದಿನ ನಾನು ಅವರ ಮನೆಗೆ ಹೋದೆ. ಚಹಾ ಬಂತು. ವರ್ಷದ ಕರಾರಿನ ಮಾತನ್ನು ಎತ್ತಿದೆ. ನಿವೇಶನದ ಜಾಗಕ್ಕೂ ಸಾಗುವಳಿಯ ಹೊಲಕ್ಕೂ ಕಾನೂನಿನಲ್ಲಿರುವ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ಕೈಬೆರಳಷ್ಟು ಜೋಳದ ಸಾಲಿನಿಂದ ಯಾರೂ ಒಡೆಯರಾಗಲಾರರು ಎಂದೆ. ಪ್ರತಿ ಮಾತಿಗೂ ಅವರು ತಲೆಯಾಡಿಸಿದರು.

“ನೀವು ಹೇಳೂದು ಎಲ್ಲಾ ಖರೇ ಅದ ಮೇಡಂ. ಆದ್ರ ನಾ ಒಂದ್ ಹೇಳ್ತೀನಿ ಕೇಳ್ರಿ. ಗೋಗಿ ಕಡಿ ನಮ್ಮಪ್ಪಂದು ಹೊಲ ಇತ್ತು. ಪಾಲಿಗಿ ಒಬ್ಬವ ಮಾಡ್ತಿದ್ದ. ನಮ್ಮಪ್ಪ ಊರಾಗ ಇರ್ತಿದ್ದಿಲ್ಲ, ‘ಚರಗ ನೀನೇ ಚೆಲ್ಲಿಬಿಡೋ’ ಅಂದಿದ್ದ. ಮುಂದ ಗೇಣಿ ಕಾಯ್ದೆ ಬಂತು. ವಿಚಾರಣಿಗಿ ಊರ ಮಂದಿ ಬಂದು ಏನಂದ್ರು ಗೊತ್ತೇನ್ರಿ? ‘ಈ ಹೊಲದಾಗ ಚರಗ ಚೆಲ್ಲವ ಇವನೇರಿ’ ಅಂದ್ರು. ಕಾಗದ ನಮ್ಮ ಕಡಿ ಇತ್ತು. ಚರಗ ಅವನ ಕಡಿ ಇತ್ತು. ಹೊಲ ಹೋತು.”

“ಆ ಕಾಲ ಬೇರೆ, ಸಾವಕಾರ್ರ.”

“ಈ ಕಾಲ ಇನ್ನೂ ಕೆಟ್ಟದ್ದರಿ. ಆಗ ಮಂದಿ ಬಂದು ಬಾಯಲೆ ಹೇಳಬೇಕಿತ್ತು. ಈಗ ಫೋಟೋ ಹೊಡದು ವಾಟ್ಸಾಪಿಗಿ ಹಾಕ್ತಾರ. ಆಕಿ ಏನೂ ಮಾಡಂಗಿಲ್ಲ, ಆಕಿ ದೇವರಂಥಾಕಿ, ನನಗೂ ಗೊತ್ತದ. ಆದ್ರ ಬ್ಯಾಡ.”

ವಾದದಲ್ಲಿ ಎದುರಾಳಿ ಪ್ರತಿ ಅಂಶವನ್ನೂ ಒಪ್ಪಿಕೊಂಡು, ಕೊನೆಗೆ ತೀರ್ಮಾನವೊಂದನ್ನು ಮಾತ್ರ ನಿರಾಕರಿಸಿದರೆ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಅದಕ್ಕಿಂತ ಭಾರವಾದದ್ದು ಇನ್ನೊಂದಿತ್ತು. ಗೋಗಿಯ ಆ ಹೊಲ ಸೇರಬೇಕಾದವನಿಗೇ ಸೇರಿತು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಅಂದು ಒಬ್ಬ ಭೂಹೀನನಿಗೆ ನೆಲ ಕೊಟ್ಟ ಸಾಕ್ಷಿಯೇ ಇಂದು ಒಬ್ಬ ಭೂಹೀನಳ ಕೈ ಹಿಡಿದು ತಡೆಯುತ್ತಿತ್ತು. ಸಾಹುಕಾರರ ಭಯ ಸುಳ್ಳಾಗಿರಲಿಲ್ಲ. ಅದು ಸುಳ್ಳಲ್ಲದ ಕಾರಣಕ್ಕೇ ಆ ಕಾಯ್ದೆ ಬಡವರಿಗೆ ನೆರವಾಗಿತ್ತು.

ಏಳುವ ಹೊತ್ತಿಗೆ ಅವರು ಹೇಳಿದರು: “ಬೇಕಂದ್ರ ಈ ವರ್ಷ ನಾವೇ ಅಲ್ಲಿ ಚರಗ ಚೆಲ್ತೀವಿ. ಎಲ್ಲರೂ ಉಣ್ಣಾಕ ಬರ್ರಿ. ಆಕೀನ್ನ ಮೊದಲ ಪಂಕ್ತಿಗಿ ಕೂಡಸ್ತೀನಿ.”

ಆ ಮಾತನ್ನು ನಾನು ಅವಳಿಗೆ ಮುಟ್ಟಿಸಿದೆ. ಅವಳು ಮೆಂತೆಯ ಕಟ್ಟಿಗೆ ಬಾಳೆನಾರು ಸುತ್ತುತ್ತಿದ್ದಳು; ಸುತ್ತುವುದನ್ನು ನಿಲ್ಲಿಸಲಿಲ್ಲ. “ನಾ ಅಂತೂ ಅಡಗಿ ಮಾಡಕೊಂಡ ಬರ್ತೀನ್ರಿ. ಬಂದ ಮ್ಯಾಲ ಅವರ ಮನಸ ಹ್ಯಾಂಗಿರ್ತದೋ,” ಎಂದಳು. ಆ ಕೊನೆಯ ಮಾತಿನಲ್ಲಿದ್ದ ಸಣ್ಣ ಆಸೆಯನ್ನು ನಾನು ಮುರಿಯಲಿಲ್ಲ.

ಅಮಾವಾಸ್ಯೆಯ ದಿನ ಹಾಸ್ಟೆಲಿನ ಕೆಲಸ ಮುಗಿಸಿ ಅವಳು ಬರುವಷ್ಟರಲ್ಲಿ ಬಿಸಿಲು ಏರಿತ್ತು. ತಲೆಯ ಮೇಲೆ ಬಿಳಿ ಬಟ್ಟೆಯ ಗಂಟು. ಒಳಗೆ ಸಜ್ಜೆ ರೊಟ್ಟಿ, ಕಡಬು, ಅವಳದೇ ತುಂಡಿನ ಕಾಯಿ, ಸೊಪ್ಪುಗಳನ್ನೆಲ್ಲ ಒಂದುಗೂಡಿಸಿ ಮಾಡಿದ ಭಜ್ಜಿ. ಪಕ್ಕದಲ್ಲಿ ನಾನು, ತುಂಬಿದ ತಂಬಿಗೆ ಹಿಡಿದು. ಸಾಹುಕಾರರ ಟೆಂಪೋ ಆಗಲೇ ಬಂದಿತ್ತು. ಇಡೀ ಆವರಣದಲ್ಲಿ ಜೋಳ ನಿಂತಿದ್ದದ್ದು ಅವಳ ತುಂಡಿನಲ್ಲಿ ಮಾತ್ರ. ಹಾಗಾಗಿ ಅವರ ಮನೆಯವರು ಅವಳ ಜೋಳದ ಬುಡದಲ್ಲೇ ತಮ್ಮ ಐದು ಕಲ್ಲುಗಳನ್ನಿಟ್ಟು ಪೂಜೆ ಮುಗಿಸಿದ್ದರು. ಸಾಹುಕಾರರು ಬುಟ್ಟಿ ಹಿಡಿದು ಎಲ್ಲ ತುಂಡುಗಳ ನಡುವೆ ಹಾದುಹೋಗುತ್ತ ಚರಗ ಚೆಲ್ಲುತ್ತಿದ್ದರು. ಹಿಂದೆ ಅವರ ಅಳಿಯ ನೀರು ಚಿಮುಕಿಸುತ್ತ ‘ಹುಲ್ಲುಲ್ಲಿಗೋ’ ಎಂದು ಚರಗದ ಕೂಗು ಹಾಕುತ್ತಿದ್ದ. ಅವಳ ಬದನೆಯ ಎಲೆಗಳ ಮೇಲೆ ಅವರ ಅನ್ನ ಬಿತ್ತು.

ಅವಳು ಬದುವಿನ ಮೇಲೆ ಕುಳಿತು ನೋಡಿದಳು.

“ಬಾ ಬೇ ಅಕ್ಕಾ, ನಿನಗೇ ಮೊದಲ,” ಎಂದು ಸಾಹುಕಾರರು ತಾವೇ ಎಲೆ ಹಾಸಿದರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಅವಳು ಎಲ್ಲವನ್ನೂ ಉಂಡಳು, ಎಲೆಯಲ್ಲಿ ಏನನ್ನೂ ಬಿಡಲಿಲ್ಲ. ಬಿಚ್ಚದ ಗಂಟು ಅವಳ ಮಗ್ಗುಲಲ್ಲಿತ್ತು.

ನಾನು ತಂಬಿಗೆಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಾಗ ಅವಳೇ ಅಂದಳು: “ನೀರ ಸುಮ್ಮ ಚೆಲ್ಲಬ್ಯಾಡ್ರಿ ಮೇಡಂ. ಬದನಿಗಿ ಹಾಕ್ರಿ.”

“ಈ ಗಂಟು?”

“ಹಾಸ್ಟೆಲಿನ ಹುಡುಗ್ಯಾರು ಉಣ್ತಾರ ಬಿಡ್ರಿ. ಅವರಿಗೂ ಹೊಲ ಎಲ್ಯದ?”

ಬಾಡಿಗೆ ನವೀಕರಿಸುವ ಕಾಲ ಬಂದಾಗ ಅವಳು ತುಂಡು ಬಿಟ್ಟಳು. ಇನ್ನೊಂದು ವರ್ಷ ನೋಡೋಣ, ನಾನು ಮತ್ತೆ ಮಾತನಾಡುತ್ತೇನೆ ಎಂದೆ. ಅವಳು ನನ್ನ ಭುಜದ ಮೇಲೆ ಕೈಯಿಟ್ಟು, ನನ್ನನ್ನೇ ಸಮಾಧಾನ ಮಾಡುವವಳಂತೆ ಹೇಳಿದಳು: “ಸಿಟ್ಟಿಲ್ರಿ ನನಗ. ಉಣ್ಣಾಕ ಹೋಗಾಕ ದೋರನಹಳ್ಳ್ಯಾಗ ಹೊಲ ಭಾಳ ಅದಾವ. ಅದಕ್ಕ ಬಾಡಿಗಿ ಯಾಕ ಕೊಡಲಿ?”

ಆ ತುಂಡನ್ನು ಈಗ ಬ್ಯಾಂಕಿನವರೊಬ್ಬರು ಹಿಡಿದಿದ್ದಾರೆ. ಟೊಮ್ಯಾಟೊ ಚೆನ್ನಾಗಿ ಬಂದಿದೆ. ಸಾಹುಕಾರರು ನನ್ನನ್ನು ಕಂಡಾಗಲೆಲ್ಲ ಆದರದಿಂದ ಮಾತನಾಡಿಸುತ್ತಾರೆ. ನನ್ನ ಯೋಜನೆ ಯಶಸ್ವಿಯಾಗಿದೆಯೆಂದು ಎಲ್ಲರೂ ಹೇಳುತ್ತಾರೆ. ಅವಳು ಆರಿಸಿ ತಂದ ಐದು ಕಲ್ಲುಗಳು ಪೂಜೆ ಕಾಣದೆ ಬದುವಿನ ಮೇಲೆಯೇ ಉಳಿದಿದ್ದವು. ಮೊನ್ನೆ ನೀರಿನ ಪಾಳಿಗೆ ಹೋದಾಗ ನೋಡಿದೆ: ಪೈಪು ಹೊರಳದಿರಲೆಂದು ಅವುಗಳನ್ನು ಅದರ ಮೇಲೆ ಹೇರಿದ್ದರು. ತೆಗೆದಿಡಬೇಕೆಂದು ಬಗ್ಗಿದೆ. ತೆಗೆದರೆ ಪೈಪು ಸರಿದು ನೀರು ಬೇರೆಯವರ ಮಡಿಗೆ ಹೋಗುತ್ತಿತ್ತು. ಹಾಗೆಯೇ ಬಿಟ್ಟು ಬಂದೆ.